ಕಣ್ಣಿಗೆ ಕಾಣದ ಖಾರ: ಬ್ಯಾಡಗಿ ಮೆಣಸಿನಕಾಯಿ ಮತ್ತು ಹೊಸ ವಿಜ್ಞಾನ

(ಹಾವೇರಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ರೈತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು "ಆರೋಗ್ಯ, ರಸಾಯನಶಾಸ್ತ್ರ, ವಸ್ತು ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದಲ್ಲಿ ಇತ್ತೀಚಿನ ಸಂಶೋಧನೆ" ಅಂತ ಹಾಕಿದ್ದಾರೆ. ಇಷ್ಟನ್ನೂ ಒಂದು ಗಂಟೆಯಲ್ಲಿ ಹೇಳಲು ಹೊರಟರೆ ನಿಮಗೆ ನಿದ್ದೆ, ನನಗೆ ಗಂಟಲು ನೋವು. ಅದಕ್ಕೇ ನಾಲ್ಕನ್ನೂ ಒಂದೇ ವಸ್ತುವಿನಲ್ಲಿ ಹುಡುಕೋಣ ಅಂದುಕೊಂಡೆ. ಅದು ನಿಮ್ಮೆಲ್ಲರ ಅಡುಗೆಮನೆಯಲ್ಲಿದೆ, ಕೆಲವರ ಹೊಲದಲ್ಲೂ ಇದೆ. ಬ್ಯಾಡಗಿ ಮೆಣಸಿನಕಾಯಿ.

ಬ್ಯಾಡಗಿ ಮಾರುಕಟ್ಟೆಯ ಯಾರ್ಡಿನಿಂದಲೇ ಶುರು ಮಾಡೋಣ. ಟೆಂಡರ್ ದಿನ ಖರೀದಿದಾರ ಬರುತ್ತಾನೆ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಹಿಚುಕಿ ತೇವ ನೋಡುತ್ತಾನೆ. ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾನೆ. ಒಂದನ್ನು ಮುರಿದು ಮೂಸುತ್ತಾನೆ. ಮುಂದಿನ ರಾಶಿಗೆ ಹೋಗುತ್ತಾನೆ. ಇಡೀ ಹಂಗಾಮಿನ ದುಡಿಮೆಗೆ ಬೆಲೆ ಕಟ್ಟುವ ಕೆಲಸ ಅಷ್ಟರಲ್ಲಿ ಮುಗಿಯುತ್ತದೆ. ಅವನದು ಪಳಗಿದ ಕಣ್ಣು, ಅದರಲ್ಲಿ ಅನುಮಾನ ಇಲ್ಲ. ಆದರೆ ಎಷ್ಟೇ ಪಳಗಿದ ಕಣ್ಣಿಗೂ ಮೆಣಸಿನಕಾಯಿಯ ಅರ್ಧ ಮಾತ್ರ ಕಾಣುತ್ತದೆ.

ಬ್ಯಾಡಗಿಯಲ್ಲಿ ಎರಡು ಬಗೆ. ಇಲ್ಲಿ ನನ್ನ ಕೈಯಲ್ಲಿರುವುದು ಡಬ್ಬಿ. ಮೈಯೆಲ್ಲ ಸುಕ್ಕು, ಗಿಡ್ಡ, ದಪ್ಪ. ಪಕ್ಕದ್ದು ಕಡ್ಡಿ, ಉದ್ದ ಮತ್ತು ತೆಳು. ಡಬ್ಬಿಯನ್ನು ಉದ್ದಕ್ಕೆ ಸೀಳುತ್ತೇನೆ. ಹೊರಗಿನ ಸಿಪ್ಪೆ ಕಡುಗೆಂಪು. ಒಳಗೆ ಹಳದಿ ಬೀಜ. ಬೀಜ ಅಂಟಿಕೊಂಡಿರುವ ಈ ಮಾಸಲು ಬಿಳಿ ಎಳೆ ಇದೆಯಲ್ಲ, ತೊಟ್ಟಿನ ಬುಡದಿಂದ ಕೆಳಗೆ ಇಳಿದಿರುವುದು, ಅದನ್ನು ಸ್ವಲ್ಪ ನೋಡಿ. ಖಾರ ಬೀಜದಲ್ಲಿದೆ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ಬೀಜ ಉದುರಿಸಿದರೆ ಖಾರ ಕಡಿಮೆ ಆಗುತ್ತದೆ ಅಂತ ಅಜ್ಜಿಯರೂ ಹೇಳುತ್ತಾರೆ. ಕಡಿಮೆ ಆಗುವುದು ನಿಜ. ಆದರೆ ಖಾರ ತಯಾರಾಗುವುದು ಈ ಬಿಳಿ ಎಳೆಯಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ, ಅಷ್ಟೇ. ಬಣ್ಣ ತಯಾರಾಗುವುದು ಸಿಪ್ಪೆಯಲ್ಲಿ.

ಅಂದರೆ ಒಂದೇ ಕಾಯಿಯಲ್ಲಿ ಎರಡು ಬೇರೆ ಕಾರ್ಖಾನೆಗಳು. ಖಾರ ಕೊಡುವುದು ಕ್ಯಾಪ್ಸೈಸಿನ್ ಮತ್ತು ಅದರ ಅಣ್ಣತಮ್ಮಂದಿರು. ಕೆಂಪು ಕೊಡುವುದು ಮುಖ್ಯವಾಗಿ ಕ್ಯಾಪ್ಸಾಂಥಿನ್, ಕ್ಯಾರಟ್ಟಿನ ಬಣ್ಣದ ಕುಲಕ್ಕೆ ಸೇರಿದ್ದು. ಒಂದು ಜಾಸ್ತಿ ಇದ್ದರೆ ಇನ್ನೊಂದೂ ಜಾಸ್ತಿ ಇರಬೇಕು ಅಂತ ಏನೂ ಇಲ್ಲ. ಬ್ಯಾಡಗಿಯ ಹೆಸರೇ ಅದರ ಮೇಲೆ ನಿಂತಿದೆ: ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ, ಇದರ ಎಣ್ಣೆಸಾರ ಮಸಾಲೆ ಪುಡಿಯಿಂದ ಹಿಡಿದು ಲಿಪ್‌ಸ್ಟಿಕ್ ತನಕ ಹೋಗುವುದೂ ಇದೇ ಗುಣಕ್ಕೆ. ಶುದ್ಧ ಕ್ಯಾಪ್ಸೈಸಿನ್‌ಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಖರೀದಿದಾರ ಎಷ್ಟು ನೋಡಿದರೂ, ಎಷ್ಟು ಮೂಸಿದರೂ ಅದು ಸಿಗುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮೊದಲು ಅಳೆದದ್ದು ನಾಲಿಗೆಯಿಂದ. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯನ್ನು ಆಲ್ಕೊಹಾಲಿನಲ್ಲಿ ನೆನೆಸಿ ಸಾರ ತೆಗೆದ. ಅದಕ್ಕೆ ಸಕ್ಕರೆ ನೀರು ಬೆರೆಸುತ್ತಾ ಹೋದ. ಐದು ಜನರನ್ನು ಕೂರಿಸಿ ಕುಡಿಸಿದ. ಹೆಚ್ಚಿನವರಿಗೆ ಖಾರ ಗೊತ್ತೇ ಆಗದ ಹಾಗೆ ಎಷ್ಟು ಪಟ್ಟು ನೀರು ಸೇರಿಸಬೇಕಾಯಿತೋ ಆ ಸಂಖ್ಯೆಯೇ ಸ್ಕೋವಿಲ್ ಅಂಕ. ಶುದ್ಧ ಕ್ಯಾಪ್ಸೈಸಿನ್ನದು 1 ಕೋಟಿ 60 ಲಕ್ಷ. ಅಸ್ಸಾಮಿನ ಭೂತ್ ಜೋಲೋಕಿಯಾ 2007ರಲ್ಲಿ 10 ಲಕ್ಷ ದಾಟಿ ಗಿನ್ನೆಸ್ ದಾಖಲೆಗೆ ಸೇರಿತು. 2023ರಲ್ಲಿ ದಾಖಲೆ ಪೆಪ್ಪರ್ ಎಕ್ಸ್ ಎಂಬ ತಳಿಗೆ ಹೋಯಿತು, ಅಂಕ ಸುಮಾರು 27 ಲಕ್ಷ. ಈ ಪೈಪೋಟಿಯಲ್ಲಿ ನನಗೇನೂ ಆಸಕ್ತಿ ಇಲ್ಲ. ರೊಟ್ಟಿ ಜೊತೆ ಅದರ ರಂಜಕ ಮಾಡಿ ತಿನ್ನಲು ಆಗುತ್ತದಾ, ಹೇಳಿ.

ಈಗ ಲ್ಯಾಬಿನಲ್ಲಿ ನಾಲಿಗೆಯ ಕೆಲಸ ಇಲ್ಲ. ಸಾರವನ್ನು ದ್ರವ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ ಹಾಕಿದರೆ ಒಂದೊಂದು ರಾಸಾಯನಿಕವೂ ಬೇರೆ ಬೇರೆ ಹೊತ್ತಿಗೆ ಹೊರಗೆ ಬರುತ್ತದೆ, ಎಷ್ಟಿದೆ ಅಂತ ಗೊತ್ತಾಗುತ್ತದೆ. ಬಣ್ಣದ ಅಳತೆ ಇನ್ನೂ ಸುಲಭ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ಕೆಂಪು ದ್ರವ 460 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಎಷ್ಟು ಹೀರುತ್ತದೆ ನೋಡುತ್ತಾರೆ. ಅದರಿಂದ ಬರುವ ಅಂಕವನ್ನು ವ್ಯಾಪಾರದಲ್ಲಿ ಆಸ್ಟಾ ಅಂತಾರೆ. ನಮ್ಮ ಕಾಲೇಜುಗಳ ಬಿಎಸ್ಸಿ ಲ್ಯಾಬಿನಲ್ಲೂ ಮಾಡಬಹುದಾದ ಕೆಲಸ ಇದು.

ಈ ಅಳತೆಗಳು ಎಷ್ಟು ಮುಖ್ಯ ಅಂತ ಜಗತ್ತಿಗೆ ಗೊತ್ತಾದದ್ದು ಒಂದು ಮೋಸದಿಂದ. 2003ರಲ್ಲಿ ಫ್ರಾನ್ಸಿನಲ್ಲಿ, ಭಾರತದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್-1 ಎಂಬ ಬಣ್ಣ ಸಿಕ್ಕಿತು. ಮೇಣಕ್ಕೆ, ಬೂಟ್ ಪಾಲಿಶ್‌ಗೆ ಹಾಕುವ ಬಣ್ಣ ಅದು. ಕ್ಯಾನ್ಸರಿನ ಅನುಮಾನ ಇರುವಂಥದ್ದು. 2005ರಲ್ಲಿ ಬ್ರಿಟನ್ನಿನಲ್ಲಿ ಅಂಥ ಪುಡಿ ಬೆರೆತ ಒಂದೇ ಒಂದು ಸಾಸ್‌ನಿಂದಾಗಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ಕಣ್ಣಿಗೆ ಆ ಪುಡಿ ಒಳ್ಳೆ ಕೆಂಪಾಗಿಯೇ ಇತ್ತು. ಹಿಡಿದದ್ದು ಯಂತ್ರ. ನಿಜವಾದ ಬಣ್ಣ ಇರುವ ಕಾಯಿಯನ್ನು ಬೆಳೆಯುವವರು ನಾವು, ಕೆಟ್ಟ ಹೆಸರು ಮಾತ್ರ ಎಲ್ಲರಿಗೂ ಬಂತು.

ಇನ್ನು ಆರೋಗ್ಯದ ಮಾತು. ಖಾರ ತಿಂದರೆ ಬಾಯಿ ಉರಿಯುತ್ತದೆ ಅಂತೀವಿ. ಥರ್ಮಾಮೀಟರ್ ಇಟ್ಟು ನೋಡಿದರೆ ಬಾಯಿಯಲ್ಲಿ ಏನೂ ಬಿಸಿ ಆಗಿರುವುದಿಲ್ಲ. ಮತ್ತೆ ಉರಿ ಎಲ್ಲಿಂದ? ಇದನ್ನು ಕಂಡುಹಿಡಿದ ಪ್ರಯೋಗ ನನಗೆ ತುಂಬ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಇಲಿಯ ನೋವಿನ ನರಕೋಶಗಳನ್ನು ತೆಗೆದುಕೊಂಡರು. ಈ ಕೋಶಗಳಿಗೆ ಖಾರ ತಗುಲಿದರೆ ಅವು ಎಚ್ಚರಗೊಳ್ಳುತ್ತವೆ ಅಂತ ಮೊದಲೇ ಗೊತ್ತಿತ್ತು. ಯಾವ ಜೀನ್‌ನಿಂದ ಅಂತ ಗೊತ್ತಿರಲಿಲ್ಲ. ಅವುಗಳಲ್ಲಿ ಕೆಲಸ ಮಾಡುತ್ತಿದ್ದ ಸಾವಿರಾರು ಜೀನ್‌ಗಳ ಪ್ರತಿ ತೆಗೆದು, ಗುಂಪು ಗುಂಪಾಗಿ ಬೇರೆ ಕೋಶಗಳೊಳಗೆ ಸೇರಿಸಿದರು. ಆ ಕೋಶಗಳು ಮೂತ್ರಪಿಂಡದಿಂದ ಬಂದವು, ಅವಕ್ಕೆ ಖಾರದ ಗಂಧಗಾಳಿ ಇಲ್ಲ. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಹೊಳಪು ಬದಲಾಗುವ ಬಣ್ಣವನ್ನೂ ಹಾಕಿದರು. ಮೇಲಿಂದ ಕ್ಯಾಪ್ಸೈಸಿನ್ ಸುರಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು. ಒಂದು ಗುಂಪಿನಲ್ಲಿ ಕೆಲವು ಕೋಶಗಳು ಹೊಳೆದವು. ಆ ಗುಂಪನ್ನು ಒಡೆದು ಚಿಕ್ಕದು ಮಾಡಿ ಮತ್ತೆ ನೋಡಿದರು. ಮತ್ತೆ ಒಡೆದರು. ಕೊನೆಗೆ ಉಳಿದದ್ದು ಒಂದು ಜೀನ್. 1997ರಲ್ಲಿ ಪ್ರಕಟಿಸಿದರು. ಈಗ ಅದರ ಹೆಸರು ಟಿಆರ್‌ಪಿವಿ-1.

ಆ ಜೀನ್ ಮಾಡುವ ಪ್ರೋಟೀನು ನರದ ತುದಿಯಲ್ಲಿರುವ ಒಂದು ಪುಟ್ಟ ಬಾಗಿಲು. ಸುಮಾರು 43 ಡಿಗ್ರಿ ಬಿಸಿ ಮುಟ್ಟಿದರೆ ತೆರೆದುಕೊಳ್ಳುವುದು ಅದರ ಕೆಲಸ. ತೆರೆದರೆ ಮೆದುಳಿಗೆ "ಸುಡುತ್ತಿದೆ" ಅಂತ ಸುದ್ದಿ ಹೋಗುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ಬಿಸಿಯೇ ಇಲ್ಲದೆ ತೆರೆಯುತ್ತದೆ. ಮೆದುಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆವರು ಹರಿಸಿ ತಂಪು ಮಾಡಲು ನೋಡುತ್ತದೆ. ಹುಬ್ಬಳ್ಳಿಯಲ್ಲಿ ಮಿರ್ಚಿ ಭಜಿ ತಿಂದು ಹಣೆ ಒರೆಸಿಕೊಳ್ಳುವುದು ಇದಕ್ಕೇ. 2021ರಲ್ಲಿ ಜೂಲಿಯಸ್‌ಗೆ ನೊಬೆಲ್ ಬಂತು. ಒತ್ತಡ, ಸ್ಪರ್ಶಗಳನ್ನು ಗುರುತಿಸುವ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು.

ಹಕ್ಕಿಗಳಲ್ಲೂ ಈ ಬಾಗಿಲು ಇದೆ, ಬಿಸಿಗೆ ತೆರೆಯುತ್ತದೆ, ಖಾರಕ್ಕೆ ಮಾತ್ರ ಜಗ್ಗುವುದಿಲ್ಲ. ಗಿಳಿ ಹಣ್ಣು ಮೆಣಸಿನಕಾಯಿಯನ್ನು ಆರಾಮವಾಗಿ ತಿನ್ನುವುದನ್ನು ನೀವೇ ನೋಡಿರುತ್ತೀರಿ. ಗಿಡಕ್ಕೂ ಅದೇ ಬೇಕು. ಹಲ್ಲಿನಿಂದ ಬೀಜ ಅರೆದು ಹಾಕುವ ಪ್ರಾಣಿ ದೂರ ಇರಲಿ, ನುಂಗಿ ದೂರ ಒಯ್ದು ಉದುರಿಸುವ ಹಕ್ಕಿ ಬರಲಿ.

ಬಾಗಿಲು ಸಿಕ್ಕಿತು ಅಂದಮೇಲೆ ಔಷಧ ಕಂಪನಿಗಳು ಸುಮ್ನೆ ಇರುತ್ತವೆಯೇ? ಇದನ್ನು ಮುಚ್ಚಿಬಿಟ್ಟರೆ ನೋವೇ ಇರುವುದಿಲ್ಲ ಅಂತ ಮುಚ್ಚುವ ಗುಳಿಗೆ ತಯಾರಿಸಿದರು. ಪರೀಕ್ಷೆಯಲ್ಲಿ ಕೆಲವರಿಗೆ ಜ್ವರ 40 ಡಿಗ್ರಿ ತನಕ ಏರಿತು. ಇದೇ ಬಾಗಿಲು ಮೈಯ ಉಷ್ಣತೆಯನ್ನು ಹತೋಟಿಯಲ್ಲಿಡುವ ಕೆಲಸವನ್ನೂ ಮಾಡುತ್ತಿತ್ತು. ಆ ದಾರಿಯಲ್ಲಿ ಹೋದ ಹಲವು ಔಷಧಗಳು ಅಲ್ಲೇ ನಿಂತವು. ಪತ್ರಿಕೆಗಳಲ್ಲಿ "ಹೊಸ ಔಷಧ ಪತ್ತೆ" ಅಂತ ಓದಿದಾಗ ಇದನ್ನು ನೆನಪಿಟ್ಟುಕೊಳ್ಳಿ. ಪತ್ತೆಗೂ ಅಂಗಡಿಗೂ ನಡುವೆ ಇಂಥವು ಬೇಕಾದಷ್ಟು ಇರುತ್ತವೆ.

ಗೆದ್ದದ್ದು ಉಲ್ಟಾ ಉಪಾಯ. ಮುಚ್ಚುವ ಬದಲು ಬಾಗಿಲನ್ನು ವಿಪರೀತ ತೆರೆದುಬಿಡುವುದು. ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿದರೆ ಅಲ್ಲಿಯ ನರದ ತುದಿಗಳು ಸುಸ್ತಾಗಿ ಹಿಂದೆ ಸರಿಯುತ್ತವೆ. ಮತ್ತೆ ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ನೋವು ಕಡಿಮೆ. ಅಮೆರಿಕದಲ್ಲಿ ಸರ್ಪಸುತ್ತಿನ ನಂತರ ಉಳಿಯುವ ನೋವಿಗೆ ಇದಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಸಕ್ಕರೆ ಕಾಯಿಲೆಯವರ ಪಾದದ ನರನೋವಿಗೆ 2020ರಲ್ಲಿ. ಪಾದಕ್ಕೆ ಅರ್ಧ ಗಂಟೆ ಹಚ್ಚುತ್ತಾರೆ, ಆಸ್ಪತ್ರೆಯಲ್ಲಿ, ಕೈಗವಸು ಹಾಕಿಕೊಂಡವರು. ಇದನ್ನು ಕೇಳಿ ಮನೆಯಲ್ಲಿ ಮೊಣಕಾಲಿಗೆ ಖಾರದ ಪುಡಿ ಅರೆದು ಹಚ್ಚಬೇಡಿ ಮಾರಾಯರೇ. ಚರ್ಮ ಸುಲಿದು ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಮುಟ್ಟಿಸಲೇಬೇಡಿ.

ನೋವಿನ ಸಂಶೋಧನೆಯಲ್ಲಿ ತೀರಾ ಹೊಸದು ಬೇರೊಂದು ಬಾಗಿಲಿನದು. ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಕಾಸು ಸಂಪಾದಿಸುತ್ತಿದ್ದ. ಅವನಿಗೆ ನೋವು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮನೆಯ ಮಾಳಿಗೆಯಿಂದ ಹಾರಿ ತೀರಿಕೊಂಡ. ಅವನ ಬಂಧುಬಳಗದಲ್ಲಿ ಅಂಥದೇ ಮಕ್ಕಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ನರದೊಳಗೆ ಸೋಡಿಯಂ ಬಿಡುವ ಒಂದು ಬಾಗಿಲಿನ ಜೀನ್ ಕೆಟ್ಟಿದೆ ಅಂತ 2006ರಲ್ಲಿ ತಿಳಿಸಿದರು. ಆ ಬಾಗಿಲಿಗೆ ಸರಿಯಾದ ಔಷಧ ಇನ್ನೂ ಕೈಗೆ ಹತ್ತಿಲ್ಲ. ಅದರ ನೆಂಟ ಬಾಗಿಲೊಂದಕ್ಕೆ, ಮೆದುಳಿಗಿಂತ ಹೊರಗಿನ ನರಗಳಲ್ಲೇ ಹೆಚ್ಚಾಗಿ ಇರುವಂಥದ್ದಕ್ಕೆ, ಬೀಗ ಹಾಕುವ ಸುಜೆಟ್ರಿಜಿನ್ ಎಂಬ ಗುಳಿಗೆಗೆ 2025ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮಾರ್ಫಿನ್ ಕುಲದ ಔಷಧಗಳ ಹಾಗೆ ಚಟ ಹಿಡಿಸುವ ಭಯ ಇಲ್ಲ ಅನ್ನುವುದೇ ಇದರ ದೊಡ್ಡ ಗುಣ. ಶಸ್ತ್ರಚಿಕಿತ್ಸೆಯ ನಂತರದಂಥ ತಕ್ಷಣದ ನೋವಿಗೆ ಮಾತ್ರ ಒಪ್ಪಿಗೆ. ಪರೀಕ್ಷೆಯಲ್ಲಿ ಔಷಧವೇ ಇಲ್ಲದ ಹುಸಿಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡಿತು, ಹಳೆಯ ಮಾರ್ಫಿನ್ ಕುಲದ ಗುಳಿಗೆಯನ್ನು ಮೀರಿಸಲಿಲ್ಲ.

ಖಾರ ತಿಂದರೆ ಆಯುಷ್ಯ ಜಾಸ್ತಿ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದಲ್ಲ, ಅದರ ಮೂಲ ಚೀನಾದ ಒಂದು ಅಧ್ಯಯನ. 2015ರದು, ಸುಮಾರು ಐದು ಲಕ್ಷ ಜನರದು. ವಾರಕ್ಕೆ ಆರೇಳು ದಿನ ಖಾರ ತಿನ್ನುವವರಲ್ಲಿ ಸಾವಿನ ಅಪಾಯ ಶೇ 14 ಕಡಿಮೆ ಕಂಡಿತು. ಆದರೆ ಖಾರದಿಂದಲೇ ಕಡಿಮೆ ಆಯಿತು ಅಂತ ಆ ಅಧ್ಯಯನ ಹೇಳುವುದಿಲ್ಲ, ಬರೆದವರೂ ಹಾಗೆ ಹೇಳಿಲ್ಲ. ಖಾರ ತಿನ್ನುವವರ ಊಟ, ದುಡಿಮೆ, ಊರು ಎಲ್ಲ ಬೇರೆ ಇರಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಂಶೋಧನೆಗೆ ಬರುತ್ತೇನೆ. ನೊಬೆಲ್ ಬರುವಂಥದ್ದಲ್ಲ. 2025ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಹತ್ತು ತಳಿಯ ಮೆಣಸಿನಪುಡಿಗಳನ್ನು ಟೊಮೆಟೊ ರಸಕ್ಕೆ ಬೆರೆಸಿದರು. ಪ್ರತಿಯೊಂದರಲ್ಲೂ ಖಾರದ ರಾಸಾಯನಿಕ ಒಂದೇ ಪ್ರಮಾಣದಲ್ಲಿ ಇರುವಂತೆ ಸರಿಮಾಡಿದರು. ರುಚಿ ನೋಡುವ ತರಬೇತಿ ಪಡೆದವರಿಗೆ ಕೊಟ್ಟರು. ಲೆಕ್ಕದ ಪ್ರಕಾರ ಎಲ್ಲದರ ಖಾರವೂ ಸಮ ಇರಬೇಕಿತ್ತು. ಇರಲಿಲ್ಲ. ಕೆಲವು ತಳಿಗಳಲ್ಲಿ ಖಾರವನ್ನು ತಗ್ಗಿಸುವ ಬೇರೆ ರಾಸಾಯನಿಕಗಳೂ ಇವೆ ಅಂತ ಹೊರಬಿತ್ತು. ಅಂಥ ಮೂರನ್ನು ಗುರುತಿಸಿದ್ದಾರೆ. ಅವಕ್ಕೆ ತಮ್ಮದೇ ಆದ ರುಚಿ ಏನೂ ಇಲ್ಲ, ಖಾರ ಮಾತ್ರ ಕಮ್ಮಿ ಮಾಡುತ್ತವೆ. ಕೇಳಿದ ಕೂಡಲೇ ನನಗೆ ಬಂದ ಪ್ರಶ್ನೆ: ನಮ್ಮ ಡಬ್ಬಿ ಬಾಯಿಗೆ ಮೃದು ಅನಿಸುವುದು ಕ್ಯಾಪ್ಸೈಸಿನ್ ಕಡಿಮೆ ಇರುವುದಕ್ಕೆ ಮಾತ್ರವಾ, ಇಲ್ಲಾ ಇಂಥವೂ ಇವೆಯಾ? ಇಲ್ಲಿ ಕೂತಿರುವ ಎಂಎಸ್ಸಿ ಹುಡುಗರಿಗೆ ಪ್ರಾಜೆಕ್ಟ್ ಹುಡುಕುವ ಕಷ್ಟ ತಪ್ಪಿತು ಅಲ್ವಾ?

ಎರಡನೆಯದು ಅಳತೆಯ ಸಾಧನ. 2020ರಲ್ಲಿ ಥಾಯ್ಲೆಂಡಿನವರು ಮೆಣಸಿನಕಾಯಿಯ ಆಕಾರದ್ದೇ ಒಂದು ಸಾಧನ ಮಾಡಿ ಫೋನಿಗೆ ಸಿಕ್ಕಿಸಿದರು. ಗ್ರಾಫೀನ್ ಎಂಬ ತೆಳು ಇಂಗಾಲ ಹಚ್ಚಿದ ಕಾಗದದ ಪಟ್ಟಿ, ಆಲ್ಕೊಹಾಲಿನಲ್ಲಿ ಕಲಸಿದ ಮೆಣಸಿನ ಒಂದು ಹನಿ, ಫೋನಿನಲ್ಲಿ ಅಂಕಿ. 2025ರಲ್ಲಿ ಶಾಂಘೈನವರು ಇನ್ನೂ ಚಂದದ ಉಪಾಯ ಮಾಡಿದರು. ಖಾರ ಆದಾಗ ನಾವು ಮೊಸರು, ಹಾಲು ಹುಡುಕುತ್ತೇವಲ್ಲ. ಹಾಲಿನ ಕೇಸಿನ್ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಉರಿ ತಗ್ಗುವುದು. ಅವರು ಕೆನೆ ತೆಗೆದ ಹಾಲಿನ ಪುಡಿ ಸೇರಿಸಿ ವಿದ್ಯುತ್ ಹರಿಯುವ ಒಂದು ಮೆತ್ತನೆಯ ಜೆಲ್ ಮಾಡಿದರು. ಕ್ಯಾಪ್ಸೈಸಿನ್ ಬಿದ್ದರೆ ಕೇಸಿನ್ ಅದನ್ನು ಹಿಡಿಯುತ್ತದೆ, ಹರಿಯುವ ಕರೆಂಟು ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದೇ ಖಾರದ ಲೆಕ್ಕ. ರುಚಿ ನೋಡಿದವರ ಮಾತಿಗೂ ಜೆಲ್‌ನ ಅಂಕಿಗೂ ಹೊಂದಿಕೆ ಆಯಿತು. ವಸ್ತು ವಿಜ್ಞಾನ ಅಂದರೆ ರಾಕೆಟ್ಟಿನ ಲೋಹ ಮಾತ್ರ ಅಲ್ಲ, ಹಾಲಿನ ಪುಡಿಯೂ ಹೌದು.

ಇದು ಯಾಕೆ ಮುಖ್ಯ ಅಂತೀನಿ ಅಂದರೆ, ಯಾರ್ಡಿನಿಂದ ಮಾಲು ಎಣ್ಣೆಸಾರ ತೆಗೆಯುವ ಕಾರ್ಖಾನೆಗೆ ಹೋದ ಮೇಲೆ ಅಲ್ಲಿ ಲ್ಯಾಬ್ ಇದೆ. ಆಸ್ಟಾ ಎಷ್ಟು, ಖಾರ ಎಷ್ಟು, ಎಲ್ಲ ಅಂಕಿ ಬರುತ್ತದೆ. ಅಂಕಿ ಕೊಳ್ಳುವವರ ಹತ್ತಿರ ಇದೆ, ಬೆಳೆದವನ ಹತ್ತಿರ ಇಲ್ಲ. 2024ರ ಮಾರ್ಚ್‌ನಲ್ಲಿ ದರ ಬಿದ್ದು, ಸಿಟ್ಟಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆಲ್ಲ ಗೊತ್ತು. ಯಂತ್ರ ಇದ್ದಿದ್ದರೆ ದರ ಬೀಳುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ದರಕ್ಕೆ ನೂರು ಕಾರಣ. ಆದರೆ "ನಿನ್ನ ಮಾಲಿನಲ್ಲಿ ಬಣ್ಣ ಇಲ್ಲ" ಅಂದಾಗ ಎದುರಿಗೆ ಇಡಲು ರೈತನ ಕೈಯಲ್ಲಿ ಒಂದು ಚೀಟಿ ಇದ್ದರೆ ಮಾತಿನ ಧಾಟಿ ಬೇರೆ ಆಗುತ್ತದೆ.

ವಸ್ತು ವಿಜ್ಞಾನದಲ್ಲಿ ಇನ್ನೊಂದು ತಮಾಷೆಯೂ ಇದೆ. 2021ರಲ್ಲಿ ಚೀನಾ ಮತ್ತು ಸ್ವೀಡನ್ನಿನವರು ಪೆರೊವ್‌ಸ್ಕೈಟ್ ಎಂಬ ಹೊಸ ಬಗೆಯ ಸೌರಕೋಶಕ್ಕೆ ಸಾವಿರಕ್ಕೆ ಒಂದು ಪಾಲಿನಷ್ಟು ಕ್ಯಾಪ್ಸೈಸಿನ್ ಬೆರೆಸಿದರು. ಬಿಸಿಲನ್ನು ವಿದ್ಯುತ್ ಮಾಡುವ ಕ್ಷಮತೆ ಶೇ 19.1ರಿಂದ 21.88ಕ್ಕೆ ಏರಿತು. ಸೋಲಾರ್ ಕಂಪನಿಗಳು ಬ್ಯಾಡಗಿಗೆ ಬಂದು ಕ್ಯೂ ನಿಲ್ಲುತ್ತವೆ ಅಂತ ಕನಸು ಕಾಣಬೇಡಿ. ಬೇಕಾದದ್ದು ಚಿಟಿಕೆಯಷ್ಟು, ಅದೂ ಶುದ್ಧ ಕ್ಯಾಪ್ಸೈಸಿನ್.

ಕೊನೆಗೆ ಜೀನಿನ ಮಾತು. 2014ರಲ್ಲಿ ಕೊರಿಯಾ ಮತ್ತು ಚೀನಾದ ತಂಡಗಳು ಮೆಣಸಿನಕಾಯಿಯ ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್‌ಎಯಲ್ಲಿರುವ ಬರಹವನ್ನೆಲ್ಲ, ಓದಿದವು. ಸುಮಾರು 350 ಕೋಟಿ ಅಕ್ಷರ. ಮನುಷ್ಯನದು 310 ಕೋಟಿ, ಮೆಣಸಿನಕಾಯಿಯ ಹತ್ತಿರದ ಸಂಬಂಧಿ ಟೊಮೆಟೊದ್ದು ಬರೀ 90 ಕೋಟಿ. ಬುದ್ಧಿಗೂ ಅಕ್ಷರಗಳ ಲೆಕ್ಕಕ್ಕೂ ಸಂಬಂಧ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳೋಣ. ದೊಣ್ಣೆ ಮೆಣಸಿನಕಾಯಿಗೆ ಖಾರ ಯಾಕಿಲ್ಲ ಅಂದರೆ, ಪನ್-1 ಎಂಬ ಒಂದೇ ಜೀನಿನಲ್ಲಿ ಸುಮಾರು 2,500 ಅಕ್ಷರ ಕಳೆದುಹೋಗಿವೆ. 2005ರಲ್ಲಿ ಗೊತ್ತಾದದ್ದು. ಕೆಂಪಿಗೂ ಹಾಗೇ ಒಂದು ಕಿಣ್ವ ಇದೆ. ಅದು ಕೆಟ್ಟರೆ ಕಾಯಿ ಹಣ್ಣಾದರೂ ಹಳದಿಯಲ್ಲೇ ನಿಲ್ಲುತ್ತದೆ. ಟೊಮೆಟೊದಲ್ಲೂ ಖಾರದ ಜೀನುಗಳು ಇವೆ, ನಿದ್ದೆಯಲ್ಲಿವೆ, ಎಬ್ಬಿಸಿದರೆ ಖಾರದ ಟೊಮೆಟೊ ಬೆಳೆಯಬಹುದು ಅಂತ ಬ್ರೆಜಿಲ್‌ನವರು 2019ರಲ್ಲಿ ಬರೆದರು.

ನಮಗೆ ಖಾರದ ಟೊಮೆಟೊ ಬೇಕಿಲ್ಲ. ನಮ್ಮ ತೊಂದರೆ ಬೇರೆ. ಎಲೆ ಮುಟುರು ರೋಗ. 2021ರ ಕೊನೆಯಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹೂವಿನೊಳಗೆ ಕೂತು ಬೆಳೆಯನ್ನೇ ಮುಗಿಸಿದ ಕಪ್ಪು ಥ್ರಿಪ್ಸ್ ಎಂಬ ಪುಟ್ಟ ಕೀಟ. ಇಳುವರಿ ಜಾಸ್ತಿ ಅಂತ ಹೈಬ್ರಿಡ್ ತಳಿಗಳು ಬಂದು ಹಳೆಯ ಡಬ್ಬಿ, ಕಡ್ಡಿ ಕಡಿಮೆ ಆಗುತ್ತಿರುವುದು. ಜೀನ್ ತಿದ್ದುವ ತಂತ್ರ ಇಲ್ಲಿ ನೆರವಾಗಬಹುದು. ಹೊರಗಿನ ಜೀನ್ ಸೇರಿಸದೆ ಇರುವುದನ್ನೇ ತಿದ್ದಿದ ಬೆಳೆಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಸಡಿಲ ಮಾಡಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿತು. ಸಾಂಬಾ ಮಸೂರಿಯಿಂದ ಬಂದ ಕಮಲಾ ಅವುಗಳಲ್ಲಿ ಒಂದು. ಆದರೆ ಭತ್ತದಲ್ಲಿ ಆದದ್ದು ಮೆಣಸಿನಕಾಯಿಯಲ್ಲಿ ಸುಲಭ ಅಲ್ಲ. ತಿದ್ದಿದ ಒಂದು ಕೋಶದಿಂದ ಇಡೀ ಗಿಡ ಬೆಳೆಸಬೇಕು. ಮೆಣಸಿನ ಗಿಡ ಅದಕ್ಕೆ ಮೊಂಡು ಹಿಡಿಯುತ್ತದೆ, ಲ್ಯಾಬಿನ ಬಾಟಲಿಯಲ್ಲಿ ಸುಲಭಕ್ಕೆ ಚಿಗುರುವುದಿಲ್ಲ. ಜಗತ್ತಿನ ಎಷ್ಟೋ ಲ್ಯಾಬುಗಳು ಇದೊಂದಕ್ಕೇ ತಲೆ ಕೆಡಿಸಿಕೊಂಡಿವೆ. ಅದು ಬಗೆಹರಿಯುವವರೆಗೆ, ನಿಮ್ಮ ಮನೆಯಲ್ಲಿ ಅಪ್ಪ ಅಜ್ಜಂದಿರ ಕಾಲದ ಡಬ್ಬಿ ಬೀಜ ಇದ್ದರೆ ದಯವಿಟ್ಟು ಬಿಡಬೇಡಿ. ತಿದ್ದಲು ಮೂಲ ತಳಿಯೇ ಇಲ್ಲದಿದ್ದರೆ ಯಾವ ತಂತ್ರವೂ ಪ್ರಯೋಜನಕ್ಕೆ ಬಾರದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು ಎದ್ದು ಕೇಳಿದರು: "ಸರ್, ಆ ಹಾಲಿನ ಯಂತ್ರ ಮುಂದಿನ ಹಂಗಾಮಿಗೆ ಯಾರ್ಡಿಗೆ ಬರ್ತದೇನ್ರಿ?"

ಇಲ್ಲ ಯಜಮಾನರೇ, ಅದು ಇನ್ನೂ ಲ್ಯಾಬಿನಲ್ಲೇ ಇದೆ. ಖಾರದ ಸಾಧನಕ್ಕೆ ಕಾಯಬೇಕು, ಬಣ್ಣದ ಅಳತೆಗೆ ಕಾಯುವುದು ಬೇಕಿಲ್ಲ. ಅಸಿಟೋನ್ ಮತ್ತು ಬೆಳಕು ಎಷ್ಟು ಹೀರಿತು ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸಾಕು, ಎರಡೂ ಕಾಲೇಜುಗಳಲ್ಲಿ ಸಿಗುತ್ತವೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ನಿಮ್ಮ ರೈತ ಉತ್ಪಾದಕ ಕಂಪನಿಯ ಹೆಸರಿನಲ್ಲಿ ಹೋಗಿ. ಚೀಲದ ಮೇಲಿನ ಒಳ್ಳೇ ಕಾಯಿ ಆರಿಸಿ ಒಯ್ಯಬೇಡಿ. ಮೇಲೆ, ನಡುವೆ, ಕೆಳಗೆ, ಮೂರೂ ಕಡೆಯಿಂದ ತೆಗೆದು ಬೆರೆಸಿ ಒಯ್ಯಿರಿ. ಇಲ್ಲದಿದ್ದರೆ ಬರುವ ಅಂಕಿಯನ್ನು ಯಾರೂ ನಂಬುವುದಿಲ್ಲ.

ಮೆಣಸಿನಕಾಯಿಯ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುವ ಅಕ್ಕ ಒಬ್ಬರು ಕೇಳಿದರು: "ಸಂಜೆಗೆ ಕೈ ಉರಿ ತಡಿಯಾಕ ಆಗಂಗಿಲ್ರಿ. ನೀರಾಗ ಇಟ್ಟರೂ ಹೋಗಂಗಿಲ್ಲ. ಏನ್ ಮಾಡ್ಬೇಕು?"

ಇಡೀ ಸಭೆಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದು. ಅಕ್ಕ, ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಬರೀ ನೀರಿನಲ್ಲಿ ಕೈ ಇಟ್ಟರೆ ಇಟ್ಟಷ್ಟು ಹೊತ್ತು ತಂಪು, ತೆಗೆದರೆ ಮತ್ತೆ ಶುರು. ಎಣ್ಣೆಯಲ್ಲಿ ಅದು ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿ, ಉಗುರಿನ ಸಂದಿಗೂ ಹಚ್ಚಿ, ಬಟ್ಟೆಯಿಂದ ಒರೆಸಿ. ಆಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಬಿಸಿಗೂ ಅದೇ ಬಾಗಿಲು ತೆರೆಯುತ್ತದೆ. ಕಣ್ಣಿಗೆ ತಗುಲಿದರೆ ಮಾತ್ರ ಎಣ್ಣೆ ಹಾಕಲೇಬಾರದು, ಹತ್ತು ಹದಿನೈದು ನಿಮಿಷ ಶುದ್ಧ ನೀರು ಬಿಡುತ್ತಾ ತೊಳೆಯಬೇಕು. ಇನ್ನು ಕೈಗವಸು. ಅದನ್ನು ಕೆಲಸ ಕೊಡುವವರೇ ಕೊಡಬೇಕು, ಕೇಳಿ ತೆಗೆದುಕೊಳ್ಳಿ.